ಮುರುಗೆಪ್ಪನ ಎಡಗೈ

ರಾಜೇಶ್ವರಿ ಮೇಡಂಗೆ ಸಿಟ್ಟು ಬಂದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾರೆ. ಧ್ವನಿ ಏರುವುದಿಲ್ಲ, ಮೇಜು ಕುಟ್ಟುವುದಿಲ್ಲ. ಧಾರವಾಡದ ಆ ಕಾಲೇಜಿನಲ್ಲಿ ಅವರ ಕೈಯಲ್ಲಿ ರಾಜ್ಯಶಾಸ್ತ್ರ ಕಲಿತವರಿಗೆಲ್ಲ ಇದು ಗೊತ್ತು. ಮೇಡಂ ಕನ್ನಡಕ ಒರೆಸತೊಡಗಿದರೆ ಹಿಂದಿನ ಬೆಂಚಿನ ಪುಂಡರೂ ಬಾಯಿ ಮುಚ್ಚಿಕೊಂಡು ಪುಸ್ತಕ ತೆರೆಯುತ್ತಾರೆ. ಅವರು ಕನ್ನಡಕ ಒರೆಸುವುದನ್ನು ಮರೆತದ್ದು ಒಮ್ಮೆ ಮಾತ್ರ, ಅದೂ ತಮ್ಮ ಅಪ್ಪನ ಹೆಸರಿನ ಸಮಾರಂಭದಲ್ಲಿ.

ಮೇಡಂ ಹುಬ್ಬಳ್ಳಿ ಬೆಂಗೇರಿಯ ಅರಳೆ ವ್ಯಾಪಾರಿ ಮುರುಗೆಪ್ಪನ ಮಗಳು. ಹಣೆ ತುಂಬ ವಿಭೂತಿ, ಲಿಂಗಪೂಜೆ ಆಗದೆ ಹನಿ ನೀರು ಇಲ್ಲ, ಅಂಥ ಮನೆ. ಅಣ್ಣ ಗುರುಬಸವ ಅಂಗಡಿ ಹಿಡಿದ, ತಂಗಿ ಓದು ಹಿಡಿದಳು. ನೋಡಲು ಬಂದ ವರಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸ್ ಕಳಿಸಿ, ನೌಕರಿ ಖಾಯಂ ಆದದ್ದೇ ಕೆಲಗೇರಿ ಕೆರೆಯ ಹತ್ತಿರ ಮನೆ ಮಾಡಿದಳು. ಅಲ್ಲಿಗೆ ಸುಲಭಾ ಬಂದರು. ಧಾರವಾಡದ ಹಳೆಯ ಬ್ರಾಹ್ಮಣ ಮನೆತನದವರು, ಮಕ್ಕಳಿಗೆ ಸಂಗೀತ ಹೇಳಿಕೊಡುವವರು. ಅಂದಿನಿಂದ ಇಬ್ಬರದೂ ಒಂದೇ ಒಲೆ, ಒಂದೇ ಕೋಣೆ, ಒಂದೇ ಸಂಸಾರ.

ಧಾರವಾಡದ ಮಂದಿ ಬಹಳ ನಾಜೂಕು. ಯಾರೂ ಏನೂ ಕೇಳಲಿಲ್ಲ. ಪಾಪ, ಇಬ್ಬರಿಗೂ ಲಗ್ನ ಆಗಲಿಲ್ಲ, ಒಬ್ಬರಿಗೊಬ್ಬರು ಆಸರೆ ಎಂದು ತಾವೇ ಒಂದು ಉತ್ತರ ಕಟ್ಟಿಕೊಂಡು, ಅದನ್ನೇ ಓಣಿಯ ತುಂಬ ಹಂಚಿದರು. ಎಂಥ ದೊಡ್ಡ ಮನಸ್ಸು ನೋಡಿ. ಆ ‘ಪಾಪ’ ಕಿವಿಗೆ ಬಿದ್ದಾಗಲೆಲ್ಲ ಮೇಡಂಗೆ ಮೈ ಉರಿಯುತ್ತಿತ್ತು. ಉರಿದರೂ ನಗುತ್ತಿದ್ದರು. ಯಾರೂ ಕೇಳದ ಪ್ರಶ್ನೆಗೆ ತಾನೇಕೆ ಉತ್ತರ ಕೊಡಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಸಂಬಳ ಎಣಿಸಿ, ಕಾಯಿಪಲ್ಯ ತಂದು, ವರ್ಷಗಳನ್ನು ತಳ್ಳಿದರು.

ಕಾಲೇಜಿನ ಚರ್ಚಾಸ್ಪರ್ಧೆ ನಡೆಸುವುದು ಅವರ ಪಾಲಿಗಿತ್ತು. ಅದಕ್ಕೆ ಅವರದೇ ಒಂದು ಪದ್ಧತಿ. ವಿಷಯ ಮೊದಲೇ ಗೊತ್ತಿರುತ್ತದೆ, ಪರವೋ ವಿರೋಧವೋ ಗೊತ್ತಿರುವುದಿಲ್ಲ. ವೇದಿಕೆ ಹತ್ತಿದವರು ಮೇಡಂ ಅವರ ಸ್ಟೀಲಿನ ಊಟದ ಡಬ್ಬಿಯಿಂದ ಒಂದು ಚೀಟಿ ಎತ್ತಿ, ಅದನ್ನು ಜೋರಾಗಿ ಓದಿ, ಬಂದ ಕಡೆಯನ್ನೇ ಹಿಡಿದು ಮಾತಾಡಬೇಕು. ನಿಮ್ಮ ಅಭಿಪ್ರಾಯ ಮನೆಯಲ್ಲಿಟ್ಟು ಬನ್ನಿ ಎಂದು ಮಕ್ಕಳಿಗೆ ತಾಕೀತು ಮಾಡುತ್ತಿದ್ದರು. ಎದುರಿನವನ ಮಾತನ್ನು ಅವನಿಗಿಂತ ಛಲೋ ಆಡಿ ತೋರಿಸಬೇಕು, ಆಮೇಲೆ ಬೇಕಾದರೆ ತನ್ನದನ್ನು ಆಡಲಿ ಎಂಬುದು ಅವರ ಹಟ. ಸುಲಭಾ ಒಮ್ಮೆ ಕಾಡಿದ್ದರು. ಮಕ್ಕಳು ಮನೆಯಲ್ಲಾದರೂ ಇಡುತ್ತಾರೆ, ನಿನ್ನ ಅಭಿಪ್ರಾಯ ಈ ಮನೆಯಲ್ಲೂ ಎಲ್ಲಿಯೂ ಕಾಣುವುದಿಲ್ಲವಲ್ಲ ಎಂದಿದ್ದರು. ಮೇಡಂ ಅದನ್ನು ನಗೆಯಲ್ಲಿ ತೇಲಿಸಿಬಿಟ್ಟರು.

ಮುರುಗೆಪ್ಪನಿಗೆ ಲಕ್ವ ಹೊಡೆದಾಗ ಬೆಂಗೇರಿಯ ಮನೆಗೆ ಗುರುಬಸವ ಮೇಲ್ಮಾಳಿಗೆ ಕಟ್ಟಿಸುತ್ತಿದ್ದ. ಧೂಳು, ಸಪ್ಪಳ, ಅಪ್ಪನಿಗೆ ತ್ರಾಸು, ಒಂದಿಷ್ಟು ದಿನ ನಿನ್ನಲ್ಲಿರಲಿ ಎಂದು ತಂಗಿಯ ಮನೆಗೆ ತಂದು ಬಿಟ್ಟ. ಮಾಳಿಗೆ ಮುಗಿಯಿತು, ಗೃಹಪ್ರವೇಶವೂ ಆಯಿತು, ಅಪ್ಪನನ್ನು ಕರೆಯಲು ಮಾತ್ರ ಯಾರೂ ಬರಲಿಲ್ಲ. ಮುರುಗೆಪ್ಪ ಕೊನೆಯುಸಿರು ಎಳೆದದ್ದು ಕೆಲಗೇರಿಯ ಮನೆಯಲ್ಲೇ. ಸತ್ತ ಮೇಲೆ ಗುರುಬಸವನಿಗೆ ಅಪ್ಪನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಕಾಲೇಜಿನ ಆಡಳಿತ ಮಂಡಳಿಗೆ ದೇಣಿಗೆ ಕೊಟ್ಟು ತಾನೂ ಒಬ್ಬ ಸದಸ್ಯನಾದ. ಚರ್ಚಾಸ್ಪರ್ಧೆಗೆ ಮುರುಗೆಪ್ಪ ಸ್ಮಾರಕ ಎಂಬ ಹೆಸರು ಬಂತು, ಗೆದ್ದವರಿಗೆ ಕೊಡಲು ಅದೇ ಹೆಸರು ಕೆತ್ತಿದ ಬೆಳ್ಳಿ ಲೇಪದ ದೊಡ್ಡ ಢಾಲೂ ಬಂತು.

ಆ ವರ್ಷ ಸಲಿಂಗ ಮದುವೆಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು, ಟೀವಿಯ ತುಂಬ ಅದೇ ಗದ್ದಲ. ವಿಷಯವನ್ನು ಗುರುಬಸವ ತಾನೇ ಆರಿಸಿದ: ‘ಸಲಿಂಗ ಸಂಬಂಧಗಳು ನಮ್ಮ ಧರ್ಮಕ್ಕೂ ಕುಟುಂಬಕ್ಕೂ ಮಾರಕ.’ ವಿಷಯ ಕೇಳಿ ಮೇಡಂ ಮಂಡಳಿಯ ಕಚೇರಿಗೆ ಹೋದರು. ಹೋಗುವಷ್ಟರಲ್ಲಿ ಅಣ್ಣ ಇನ್ನೊಂದು ಅಪ್ಪಣೆ ಸಿದ್ಧಮಾಡಿ ಇಟ್ಟುಕೊಂಡಿದ್ದ. ಎಲ್ಲ ಚೀಟಿಯಲ್ಲೂ ವಿಷಯದ ಪರ ಎಂದೇ ಬರೆಯಬೇಕು. ಅಪ್ಪನ ಹೆಸರಿನ ವೇದಿಕೆಯ ಮೇಲೆ ಅಂಥ ಹೊಲಸನ್ನು ಯಾರೂ ಸಮರ್ಥಿಸಕೂಡದು.

“ಎಲ್ಲಾರೂ ಒಂದ ಕಡೆ ಮಾತಾಡಿದರ ಅದು ಚರ್ಚಾ ಅಲ್ಲಣ್ಣ, ಭಜನಿ,” ಎಂದರು ಮೇಡಂ.

ಗುರುಬಸವ ಸಿಟ್ಟಾಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ಮೆಲ್ಲಗೆ, ಬಲು ಪ್ರೀತಿಯಿಂದ ಹೇಳಿದ: “ರಾಜವ್ವ, ಇಷ್ಟು ವರ್ಷ ನಾ ನಿನಗ ಏನರ ಕೇಳೇನೇನು? ನೀನೂ ನನಗ ಕೇಳಬ್ಯಾಡ.”

ಮೇಡಂ ಕನ್ನಡಕ ಒರೆಸಿಕೊಂಡು ಎದ್ದು ಬಂದರು. ದಾರಿಯುದ್ದಕ್ಕೂ ಆ ಮಾತು ಅವರನ್ನು ಕುಕ್ಕಿತು. ಹಾಗಾದರೆ ಅಣ್ಣ ಸುಮ್ಮನಿದ್ದದ್ದು ಮರ್ಯಾದೆಯಿಂದಲ್ಲ, ಅದೊಂದು ಕರಾರು. ನೀನು ಬಾಯಿ ಬಿಡದಿದ್ದರೆ ನಾನೂ ಬಿಡುವುದಿಲ್ಲ ಎನ್ನುವ ಕರಾರು. ಅದಕ್ಕೆ ತಾವು ಯಾವತ್ತೋ ಹೆಬ್ಬೆಟ್ಟು ಒತ್ತಿ ಆಗಿತ್ತು. ಅಣ್ಣನ ಮೇಲೆ ಬಂದಷ್ಟೇ ಸಿಟ್ಟು ತಮ್ಮ ಮೇಲೂ ಬಂತು.

ಸ್ಪರ್ಧೆಯ ಹಿಂದಿನ ಸಂಜೆ ಮೇಡಂ ಊಟದ ಮೇಜಿನ ಮುಂದೆ ಕೂತು ಚೀಟಿ ಬರೆದರು. ಸುಲಭಾ ಹೊರಗಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ವಿಷಯ ಏನೆಂದು ಅವರಿಗೆ ಗೊತ್ತಿರಲಿಲ್ಲ, ಮೇಡಂ ಹೇಳಿರಲಿಲ್ಲ. ಪರ, ಪರ, ಪರ ಎಂದು ಬರೆಯುತ್ತ ಹೋದ ಕೈ ಕೊನೆಯ ಚೀಟಿಗೆ ನಿಂತಿತು. ಅದರ ಮೇಲೆ ಕಾಗದ ಹರಿಯುವಂತೆ ಒತ್ತಿ ‘ವಿರೋಧ’ ಎಂದು ಬರೆದು, ನಾಲ್ಕು ಮಡಿಕೆ ಮಡಿಸಿ ಡಬ್ಬಿಗೆ ಹಾಕಿದರು. ಎದೆ ಹಗುರಾಯಿತು. ದೊಡ್ಡ ಪರಾಕ್ರಮ ಮಾಡಿದೆನೆಂದುಕೊಂಡು ಚೆನ್ನಾಗಿ ಊಟ ಮಾಡಿದರು. ಆ ಚೀಟಿ ಯಾರ ಕೈಗೆ ಹೋಗುತ್ತದೆ, ಹೋದವರ ಗತಿ ಏನು ಎಂಬ ವಿಚಾರ ಅವರ ತಲೆಗೆ ಬರಲೇ ಇಲ್ಲ. ಇಷ್ಟು ವರ್ಷ ಚೀಟಿಯ ಹಿಂದೆ ಅಡಗಿದವರಿಗೆ ಅದರ ಮುಂದೆ ನಿಲ್ಲುವವರ ನೆನಪಾಗುವುದಾದರೂ ಹೇಗೆ?

ಮರುದಿನ ಸಭಾಗೃಹ ತುಂಬಿತ್ತು. ವೇದಿಕೆಯ ನಡುವೆ ಗುರುಬಸವ, ಅವನ ಮುಂದೆ ಸಮಯದ ಗಂಟೆ. ನಾಲ್ಕನೆಯ ನಿಮಿಷಕ್ಕೆ ಒಂದು ಸಲ, ಐದನೆಯದಕ್ಕೆ ಎರಡು ಸಲ ಬಾರಿಸುವುದು ರೂಢಿ. ಹುಡುಗರು ಒಬ್ಬೊಬ್ಬರಾಗಿ ಬಂದರು, ಚೀಟಿ ಎತ್ತಿದರು, ಪರ ಎಂದರು. ಎಲ್ಲರೂ ಒಂದೇ ವಾಟ್ಸ್ಯಾಪ್ ಓದಿಕೊಂಡು ಬಂದಂತಿತ್ತು. ಇದು ಹೊರದೇಶದ ರೋಗ ಎಂದನೊಬ್ಬ, ಅವನ ಮೈಮೇಲಿದ್ದ ಅಂಗಿಯಿಂದ ಬೂಟಿನವರೆಗೆ ಎಲ್ಲವೂ ಹೊರದೇಶದ್ದೇ. ಪ್ರಾಣಿಗಳೂ ಹೀಗೆ ಮಾಡುವುದಿಲ್ಲ ಎಂದನೊಬ್ಬ, ಅವನು ಯಾವ ಪ್ರಾಣಿಯನ್ನು ವಿಚಾರಿಸಿದ್ದನೋ. ಇಂಥವರನ್ನು ಮನೆಯೊಳಗೆ ಬಿಟ್ಟುಕೊಂಡರೆ ಹಿರಿಯರ ಸೇವೆ ಮಾಡುವವರು ಯಾರು ಎಂದು ಮೂರನೆಯವನು ಕೈ ಎತ್ತಿ ಕೇಳಿದಾಗ ಚಪ್ಪಾಳೆ ಬಿತ್ತು. ಗುರುಬಸವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಮೇಡಂ ಮುಂದಿನ ಸಾಲಿನಲ್ಲಿ ಕೂತು ಅವನ ಕೈಗಳನ್ನೇ ನೋಡಿದರು.

ಆಮೇಲೆ ಹುಲಿಗೆವ್ವ ಬಂದಳು. ಹೆಸರು ಅಜ್ಜಿಯದು, ನಾಲಿಗೆ ಇಂದಿನದು. ಕಲಘಟಗಿ ಕಡೆಯ ಕೂಲಿಯವರ ಮಗಳು, ಮೇಡಂ ತಿದ್ದಿ ತೀಡಿ ಬೆಳೆಸಿದ ಹುಡುಗಿ. ಇರುವುದು ಇದೇ ಮಂಡಳಿಯ ಪುಕ್ಕಟೆ ಹಾಸ್ಟೆಲಿನಲ್ಲಿ. ಅವಳು ಡಬ್ಬಿಗೆ ಕೈ ಹಾಕಿ ಚೀಟಿ ಬಿಚ್ಚಿದಳು. ಜೋರಾಗಿ ಓದಿದಳು: “ವಿರೋಧ.”

ಸಭೆಯಲ್ಲಿ ಗುಸುಗುಸು ಎದ್ದಿತು. ಮೇಡಂ ಕೂತಲ್ಲೇ ಮುಂದಕ್ಕೆ ಬಾಗಿದರು. ಇಡೀ ಸಭಾಗೃಹದಲ್ಲಿ ಆ ಚೀಟಿಯ ಭಾರ ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿ ಇದ್ದ ಕೈಗೇ ಅದನ್ನು ಕೊಟ್ಟಿದ್ದರು ತಾವು. ಹುಲಿಗೆವ್ವ ಅವರ ಮುಖ ನೋಡಿದಳು. ಬೇರೆ ಎತ್ತು ಎಂದು ಮೇಡಂ ಹೇಳಬೇಕಿತ್ತು, ಹೇಳಲಿಲ್ಲ. ಬಂದದ್ದನ್ನು ಮಾತಾಡಬೇಕೆಂದು ಕಲಿಸಿದವರೇ ಅವರಲ್ಲವೇ? ಹುಡುಗಿ ಮೈಕಿನ ಕಡೆ ತಿರುಗಿದಳು.

ಕುಟುಂಬ ಮುರಿದದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು ಶುರುಮಾಡಿದಳು. ತಮ್ಮ ಓಣಿಯಲ್ಲಿ ಒಂದು ಮನೆ ಕುಡಿತದಿಂದ ಮುರಿಯಿತು, ಒಂದು ವರದಕ್ಷಿಣೆಯಿಂದ, ಒಂದು ಅಣ್ಣತಮ್ಮಂದಿರ ಹೊಲದ ಜಗಳದಿಂದ. ಈ ವಿಷಯದಲ್ಲಿ ಹೇಳಿದಂಥ ಜನ ಯಾರ ಮನೆ ಮುರಿದರು, ಹೆಸರು ಹೇಳಿ ಎಂದು ಹಿಂದಿನ ಭಾಷಣಕಾರರನ್ನು ಕೇಳಿದಳು. ಅಷ್ಟರಲ್ಲಿ ಗುರುಬಸವ ಗಂಟೆ ಬಾರಿಸಿದ. ಒಂದು ನಿಮಿಷವೂ ಆಗಿರಲಿಲ್ಲ.

ಗುರುಬಸವ ಮೈಕು ತನ್ನತ್ತ ಎಳೆದುಕೊಂಡ. “ಯಾವ ಹಾಸ್ಟೆಲ್ಲಾಗ ಇರ್ತಿ? ನಮ್ಮದರಾಗೇನು? ನಮ್ಮ ಅನ್ನಾ ಉಂಡು ಇದನ್ನ ಕಲ್ತಿ? ಹೋಗೂಮುಂದ ಅಪ್ಪನ ಫೋನ್ ನಂಬರ್ ಬರಸಿ ಹೋಗು.”

ಸಭೆ ನಕ್ಕಿತು. ಹುಲಿಗೆವ್ವ ಚೀಟಿ ಬಿಡದೆ ಮೈಕಿನ ಹತ್ತಿರವೇ ನಿಂತಳು.

ಮೇಡಂ ಎದ್ದರು. ಕನ್ನಡಕ ಒರೆಸಲಿಲ್ಲ. ಮೆಟ್ಟಿಲು ಹತ್ತಿ ಹುಡುಗಿಯ ಕೈಯಿಂದ ಚೀಟಿ ಇಸಿದುಕೊಂಡು, ಅವಳನ್ನು ಪಕ್ಕಕ್ಕೆ ಸರಿಸಿ, ತಾವು ಮೈಕಿನ ಮುಂದೆ ನಿಂತರು.

“ಈ ಚೀಟಿ ಬರದಾಕಿ ನಾನು. ಹುಡುಗೀದೇನೂ ತಪ್ಪಿಲ್ಲ. ಇದನ್ನ ನಾನ ಮಾತಾಡಬೇಕಾಗಿತ್ತು, ಆಕಿ ಕೈಯಾಗ ಕೊಟ್ಟು ಕುಂತಿದ್ದೆ.”

ಗಂಟೆ ಬಾರಿಸಿತು. ಮೇಡಂ ಆ ಕಡೆ ತಿರುಗಿಯೂ ನೋಡಲಿಲ್ಲ.

“ಹಿರ್‍ಯಾರ ಸೇವಾ ಯಾರು ಮಾಡವ್ರು ಅಂತ ಕೇಳಿದ್ರಿ, ಚಪ್ಪಾಳಿನೂ ಹೊಡದ್ರಿ. ಹೇಳ್ತೇನಿ ಕೇಳ್ರಿ. ಈ ಢಾಲಿನ ಮ್ಯಾಲೆ ಹೆಸರೈತೆಲ್ಲ ಮುರುಗೆಪ್ಪ, ಅವ ನಮ್ಮಪ್ಪ. ಲಕ್ವ ಹೊಡದು ಎಡಗೈ ಬಿದ್ದಿತ್ತು. ಲಿಂಗಾ ಹಿಡಿಯೂ ಕೈ. ಪೂಜಿ ಇಲ್ಲದ ನೀರ ಕುಡೀತಿದ್ದಿಲ್ಲ ಅಂವ. ದಿನಾ ಮುಂಜಾನೆ ಜಳಕಾ ಮಾಡಿ, ಅವನ ಎಡಗೈ ಕೆಳಗ ತನ್ನ ಕೈ ಇಟ್ಟು, ಪೂಜಿ ಮುಗಿಯೂತನಕ ಎತ್ತಿ ಹಿಡಕೊಂಡು ಕುಂತಾಕಿ ಸುಲಭಾ. ನನ್ನ ಸುಲಭಾ. ನಾವಿಬ್ಬರೂ ಗಂಡ ಹೆಂಡ್ತಿ ಬಾಳಿದಂಗ ಬಾಳೇವಿ. ಅಪ್ಪಗ ಗೊತ್ತಿತ್ತು. ಗೊತ್ತಿದ್ದೂ ಆಕಿ ಕೈ ಮ್ಯಾಲೆ ತನ್ನ ಕೈ ಇಟ್ಟಿದ್ದ.”

ಗಂಟೆ ಈಗ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಮೇಡಂ ಮೊದಲ ಸಲ ಅಣ್ಣನ ಕಡೆ ತಿರುಗಿದರು.

“ಬಾರಸು. ಒಂದ ಸಲ ಅಪ್ಪನ್ನ ನೋಡಾಕ ಬಂದಾಗ ನೀ ಬಾಗಲದಾಗ ನಿಂತು ಅದನ್ನ ನೋಡಿದ್ದಿ, ನೋಡಿ ಚಪ್ಪಲಿ ಹಾಕ್ಕೊಂಡು ಹೋದಿ. ನಾವು ಧರ್ಮಕ್ಕ ಮಾರಕ ಆಗಿದ್ರ ಢಾಲಿನ ಮ್ಯಾಲಿನ ಹೆಸರು ಅಳಿಸು. ಅಪ್ಪನ ಕಡೀ ಪೂಜಿ ನಮ್ಮ ಮನ್ಯಾಗ ಆಗೇತಿ.”

ಗುರುಬಸವನ ಕೈ ಗಂಟೆಯ ಮೇಲೆ ಹಾಗೇ ನಿಂತಿತು. ಅವನು ಢಾಲಿನತ್ತ ನೋಡಲಿಲ್ಲ, ತಂಗಿಯತ್ತಲೂ ನೋಡಲಿಲ್ಲ. ಪ್ರಾಚಾರ್ಯರು ಓಡಿಬಂದು ಮೈಕಿನ ವೈರು ಕಿತ್ತರು. ಅಷ್ಟೊತ್ತಿಗೆ ಹೇಳುವುದೆಲ್ಲ ಮುಗಿದಿತ್ತು. ಸಭೆಯಲ್ಲಿ ಅರ್ಧದಷ್ಟು ಜನ ಫೋನು ಎತ್ತಿ ಹಿಡಿದಿದ್ದರು.

ಹೊರಗೆ ಮೇಡಂ ಹುಲಿಗೆವ್ವಳನ್ನು ಹುಡುಕಿದರು. ಅವಳು ನಳದ ಹತ್ತಿರ ಮುಖ ತೊಳೆಯುತ್ತಿದ್ದಳು. ಹಾಸ್ಟೆಲಿನವರು ತ್ರಾಸು ಕೊಟ್ಟರೆ ಕೆಲಗೇರಿಗೆ ಬಾ, ಅಪ್ಪ ಇದ್ದ ಕೋಣೆ ಖಾಲಿ ಇದೆ ಎಂದರು. ನಿನಗೆ ಹಾಗೆ ಮಾಡಬಾರದಿತ್ತು ಎಂದೂ ಹೇಳಿದರು. ಹುಡುಗಿ ಮುಖ ಒರೆಸಿಕೊಂಡು, ತನಗಿನ್ನೂ ನಾಲ್ಕು ನಿಮಿಷ ಬಾಕಿ ಇತ್ತು ಎಂದಳು. ಅವಳಿಗೂ ಸಿಟ್ಟು ಬಂದಿತ್ತು, ಅದನ್ನು ಕಂಡು ಮೇಡಂಗೆ ಜೀವ ಬಂದಂತಾಯಿತು.

ಮನೆ ಮುಟ್ಟುವ ಮೊದಲೇ ಕಾರಣ ಕೇಳಿ ಪ್ರಾಚಾರ್ಯರ ಸಂದೇಶ ಬಂದಿತ್ತು. ಅದನ್ನು ಮೇಡಂ ಪೂರ್ತಿ ಓದಲಿಲ್ಲ. ಅವರಿಗಿದ್ದ ಹೆದರಿಕೆಯೇ ಬೇರೆ. ಅಂಗಳದಲ್ಲಿ ಒಂದೂ ಚಪ್ಪಲಿ ಇರಲಿಲ್ಲ. ಅದು ಮಕ್ಕಳು ಪಾಠಕ್ಕೆ ಬರುವ ಹೊತ್ತು.

ಸುಲಭಾ ಅಡಿಗೆ ಮನೆಯಲ್ಲಿದ್ದರು. ಇಬ್ಬರು ತಾಯಂದಿರು ಫೋನು ಮಾಡಿ, ಸಭೆಯ ಸುದ್ದಿ ಹೇಳಿ, ಇನ್ನು ಮಗಳನ್ನು ಕಳಿಸುವುದಿಲ್ಲ ಎಂದಿದ್ದರು, ಉಳಿದವರು ಅದನ್ನೂ ಹೇಳಿರಲಿಲ್ಲ. ವೀಡಿಯೋ ಕೂಡ ಬಂದಿತ್ತಂತೆ, ತೆರೆಯಲಿಲ್ಲವಂತೆ. ಮೇಡಂ ಕ್ಷಮೆ ಕೇಳಲು ಹೋದರು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ನಿನ್ನ ಹೆಸರು ತೆಗೆಯಬಾರದಿತ್ತು ಎಂದು ತೊದಲಿದರು. ಸುಲಭಾ ಸೌಟು ಇಟ್ಟು ತಿರುಗಿದರು. ಇಷ್ಟು ವರ್ಷದಲ್ಲಿ ಆ ಮುಖದಲ್ಲಿ ಅಂಥ ಸಿಟ್ಟನ್ನು ಮೇಡಂ ಕಂಡಿರಲಿಲ್ಲ.

“ಹೆಸರು ತಗದಿದ್ದಕ್ಕಲ್ಲ ನನಗ ಸಿಟ್ಟು. ಪಾಠ ಹೋದ್ರ ಹೋಗಲಿ. ನಾ ನಿನಗ ಯಾರು ಅಂತ ಇಡೀ ಧಾರವಾಡಕ್ಕ ಹೇಳಿ ಬಂದಿ, ನನಗ ಒಂದು ದಿನಾ ಹೇಳಿಲ್ಲ. ಇಪ್ಪತ್ತು ವರ್ಷ ಕಾದೀನಿ. ಕಡಿಗೆ ಹೇಳೋ ಹೊತ್ತಿಗೆ ಆ ಸಭಾದಾಗ ನನಗ ಒಂದು ಖುರ್ಚಿ ಇದ್ದಿದ್ದಿಲ್ಲೇನು?”

ಸುಲಭಾ ಗ್ಯಾಸು ಆರಿಸಿ, ಊಟದ ಮೇಜಿನಿಂದ ಒಂದು ಖುರ್ಚಿ ಎಳೆದು, ಅಡಿಗೆ ಮನೆಯ ನಟ್ಟನಡುವೆ ಹಾಕಿಕೊಂಡು ಕೂತರು.

“ವೀಡಿಯೋದಾಗ ನೋಡೋದಿಲ್ಲ ನಾನು. ಹೇಳು. ಮೊದಲಿಂದ ಹೇಳು. ಇಲ್ಲೆ ಗಂಟಿ ಬಾರಸವ್ರು ಯಾರೂ ಇಲ್ಲ.”

ಯಾವ ವಿಷಯ ಕೊಟ್ಟರೂ ಯಾವ ಕಡೆಯಿಂದಲೂ ಮಾತಾಡಬಲ್ಲ ಮೇಡಂಗೆ ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಕೈ ತಾನಾಗಿಯೇ ಕನ್ನಡಕದ ಕಡೆ ಹೋಯಿತು.

“ಅದನ್ನ ಒರಸಬ್ಯಾಡ,” ಎಂದರು ಸುಲಭಾ.

ಮೇಡಂ ಕೈ ಇಳಿಸಿದರು. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಮೊದಲಿನಿಂದ ಹೇಳತೊಡಗಿದರು.