ಮೇಸ್ತ್ರಿಗೆ ಕೇಳಿಸದ ಸದ್ದು

ಗಾಡಿ ಬಂದ ಕೂಡಲೇ ಸ್ಪ್ಯಾನರ್ ಹಿಡಿಯುವವನು ಮೆಕ್ಯಾನಿಕ್ಕೇ ಅಲ್ಲ ಎಂಬುದು ಮೇಸ್ತ್ರಿಯ ವಾದ. ಮೂವತ್ತನಾಲ್ಕು ವರ್ಷದಿಂದ ಅವನದು ಒಂದೇ ಪದ್ಧತಿ: ಮೊದಲು ಗಾಡಿಯವರು ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಎಂಥ ಗತ್ತಿನ ಸಾಹೇಬರಾದರೂ ಸರಿ, ಅವನ ತಗಡಿನ ಶೆಡ್ಡಿನಲ್ಲಿ ನಿಂತು ‘ಗುಂಯ್’ ಎಂದೋ ‘ಟಣ್’ ಎಂದೋ ಅನ್ನಲೇಬೇಕು. ಆಮೇಲೆ ಅವರ ಪಕ್ಕ ಕಣ್ಣು ಮುಚ್ಚಿ ಕೂತು ಒಂದು ಸುತ್ತು ಹೋಗಿಬರುತ್ತಿದ್ದ. ಬಂದವನೇ ಕಾಯಿಲೆ ಹೇಳುತ್ತಿದ್ದ.

ಹೋದ ವರ್ಷ ಮಾತ್ರ ಎಡವಟ್ಟಾಯಿತು. ಸುಮ್ಮಸುಮ್ಮನೆ ಒಂದು ಗೇರ್ ಬಾಕ್ಸ್ ಬಿಚ್ಚಿದ. ಹಾಳಾಗಿದ್ದದ್ದು ಚಕ್ರದ ಬೇರಿಂಗು. ಸಣ್ಣ ಸದ್ದುಗಳು ತನಗೆ ಕೇಳಿಸುತ್ತಿಲ್ಲ ಎಂದು ಅವತ್ತೇ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಕಿವುಡ ಮೇಸ್ತ್ರಿಯ ಹತ್ತಿರ ಯಾವನು ಗಾಡಿ ತರುತ್ತಾನೆ ಹೇಳಿ!

ಈ ಸಲ ಬಂದವರು ದನದ ಡಾಕ್ಟರಮ್ಮ. ಅವರ ಹಳೇ ಫೋರ್ ವೀಲ್ ಜೀಪು ಮಾರನೆಯ ದಿನ ಬೆಟ್ಟ ಹತ್ತಬೇಕಿತ್ತು. ಮೇಲೆ ಕುರಿಗಳಿಗೆ ಚುಚ್ಚುಮದ್ದು ಹಾಕುವ ಕೆಲಸ.

“ಏನೋ ಸಣ್ಣಗೆ ಬರ್ತಿದೆ ಮೇಸ್ತ್ರಿ, ನನ್ನ ಬಾಯಲ್ಲಿ ಮಾಡೋಕಾಗಲ್ಲಪ್ಪ” ಎಂದು ನಾಚಿಕೊಂಡರು. ದಾರಿಯಲ್ಲಿ ಅವರೇ ಕೇಳಿದರು, “ನೋಡಿ, ಈಗ ಕೇಳಿಸ್ತಲ್ಲ?”

“ಹ್ಞೂಂ” ಎಂದುಬಿಟ್ಟ ಮಹಾರಾಯ. ಹಸಿ ಸುಳ್ಳು!

ಡಾಕ್ಟರಮ್ಮ ಜೀಪು ಬಿಟ್ಟು ಆಸ್ಪತ್ರೆಗೆ ಹೋದರು. ಮೇಸ್ತ್ರಿ ಅದನ್ನು ಶೆಡ್ಡಿನೊಳಗೆ ತರುವಾಗ, ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿ ತಿರುಗಿ ನೋಡಿದಳು. “ಏನ್ರೀ ಅದು, ಗಾಡಿಯೊಳಗೆ ಹಕ್ಕಿ ಗೂಡು ಕಟ್ಟಿದ್ಯಾ? ಕೀಚ್ ಕೀಚ್ ಅಂತಿದೆ!”

ಅವನ ಕಣ್ಣರಳಿತು. “ಜೀಪು ಹತ್ತೇ, ಬೇಗ.”

“ಒಲೆ ಮೇಲೆ ಹಾಲಿದೆ ರೀ!”

“ಆರಿಸಿ ಬಾ, ಹಾಲು ಎಲ್ಲಿಗೂ ಓಡಿಹೋಗಲ್ಲ.”

ರಸ್ತೆಯಲ್ಲಿ ಕ್ಲಚ್ ಒತ್ತಿ, ಗೇರ್ ತೆಗೆದು, ಜೀಪನ್ನು ಹಾಗೇ ಉರುಳಲು ಬಿಟ್ಟ. “ಈಗ?”

“ಹಾಗೇ ಇದೆ.”

ಹಾಗಾದರೆ ಎಂಜಿನ್ನಲ್ಲ. ಇಳಿದು ಮುಂದಿನ ಚಕ್ರಗಳ ಹಬ್ಬು ಬಿಡಿಸಿ, ಚಕ್ರಕ್ಕೂ ಅದನ್ನು ತಿರುಗಿಸುವ ಶಾಫ್ಟಿಗೂ ಇದ್ದ ಹಿಡಿತ ತಪ್ಪಿಸಿದ. ಈಗ ಮುಂದಿನ ಶಾಫ್ಟು ತಿರುಗುವುದೇ ಇಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ. ಹಿಂದಿನದೇ ಹಾಗಾದರೆ! ಆದರೆ ಚಕ್ರವೋ ಶಾಫ್ಟೋ? ಹಿಂದಿನ ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. “ನೀನು ಪಕ್ಕದಲ್ಲೇ ನಡಿ. ಗೆರೆ ಒಂದು ಸುತ್ತು ಬರೋದ್ರೊಳಗೆ ಎಷ್ಟು ಸಲ ಕೂಗುತ್ತೆ, ಎಣಿಸು.”

ಜೀಪು ತೆವಳಿತು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆರಳು ಮಡಿಸುತ್ತ ಜೊತೆಗೆ ನಡೆದಳು. ಎದುರಂಗಡಿಯ ಟೈಲರ್ ಮಿಷನ್ ನಿಲ್ಲಿಸಿ ಬಾಗಿಲಿಗೆ ಬಂದು ನಗತೊಡಗಿದ. ಅವಳು ಕ್ಯಾರೇ ಅನ್ನಲಿಲ್ಲ.

“ನಾಲ್ಕು... ಒಂದೊಂದ್ಸಲ ಐದು!”

ಚಕ್ರವೇ ಕೂಗಿದ್ದರೆ ಒಂದು ಸುತ್ತಿನಲ್ಲಿ ಒಂದೇ ಸಲ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕೈದು ಸಲ ತಿರುಗುವುದು ಶಾಫ್ಟು! ಮೇಸ್ತ್ರಿ ಸ್ಟೀರಿಂಗಿನ ಮೇಲೆ ಕೈ ಬಡಿದು ನಕ್ಕ.

ಶೆಡ್ಡಿನಲ್ಲಿ ಗಾಡಿಯಡಿ ನುಸುಳಿ ನೋಡಿದರೆ, ಶಾಫ್ಟಿನ ತುದಿಯ ಕೀಲಾದ ಕ್ರಾಸಿನ ಸುತ್ತ ತುಕ್ಕಿನ ಕೆಂಪು ಪುಡಿ. ಬಿಚ್ಚಿದಾಗ ಒಳಗಿನ ಸೂಜಿ ಬೇರಿಂಗು ನುಚ್ಚುನೂರು. ಬೆಟ್ಟದ ಏರಿನಲ್ಲಿ ಇದು ಮುರಿದು, ಶಾಫ್ಟು ಕಳಚಿ, ಜೀಪು ಹಿಂದಕ್ಕೆ ಜಾರಿದ್ದರೆ? ಬೆಳಿಗ್ಗೆ ಅಂದ ‘ಹ್ಞೂಂ’ ಅವನಿಗೆ ನೆನಪಾಯಿತು.

ಹೊಸ ಕ್ರಾಸ್ ಹಾಕಿದ್ದಾಯಿತು. ಸಂಜೆ ಡಾಕ್ಟರಮ್ಮ ಬಂದು ಓಡಿಸಿ ನೋಡಿ, “ನಿಮ್ಮ ಕಿವಿಗೆ ಸಾಟಿ ಇಲ್ಲ ಬಿಡಿ” ಎಂದರು.

ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿದ, ಮತ್ತೆ ಒರೆಸಿದ. “ನಂಗೆ ಕೇಳಿಸಲೇ ಇಲ್ಲ ಡಾಕ್ಟ್ರಮ್ಮ. ಬೆಳಿಗ್ಗೆ ಸುಳ್ಳು ಹೇಳ್ದೆ. ಕಿವಿ ಹೋಗಿ ವರ್ಷವಾಯ್ತು. ಹಿಡಿದಿದ್ದು ಇವಳು” ಎಂದು ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿದ.

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. “ಇನ್ಮೇಲೆ ಇಬ್ರೂ ನೋಡಿ ಹೇಳಿ” ಎಂದು ಜೀಪು ಹತ್ತಿದರು.

ಅವರು ಹೋದ ಮೇಲೆ ಮೇಸ್ತ್ರಿ ತಲೆ ತಗ್ಗಿಸಿದ. “ನಿಂಗೂ ಹೇಳಿರಲಿಲ್ಲ.”

“ಹೇಳ್ಬೇಕಿತ್ತಾ? ಎರಡು ವರ್ಷದಿಂದ ಅಡುಗೆಮನೆಯಿಂದ ಕೂಗೋದು ಬಿಟ್ಟು, ಹತ್ರ ಬಂದೇ ಮಾತಾಡ್ತಿದ್ದೀನಲ್ಲ, ಯಾಕೆ ಅಂದ್ಕೊಂಡ್ರಿ?”

ಮೇಸ್ತ್ರಿ ಪೆಚ್ಚಾದ. “ವಯಸ್ಸಾದ ಹಾಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಆಗ್ತಿದೆ ಅಂದ್ಕೊಂಡಿದ್ದೆ ಕಣೇ.”

ಅವಳು ನಗು ತಡೆಯಲಾರದೆ ಇನ್ನಷ್ಟು ಹತ್ತಿರ ಬಂದಳು. “ಅದೂ ಸುಳ್ಳಲ್ಲ ಬಿಡಿ” ಎಂದಳು.