ಜವಳವಾಗದ ತಲೆಯ ಡ್ರೈವರು

ನಾನು ಓದು ನಿಲ್ಲಿಸಿದ್ದು 1935ರಲ್ಲಿ. ಆಗಿನ ನಿಜಾಮ ಸರ್ಕಾರದ ಲೆಕ್ಕದಲ್ಲಿ ಅದು ಫಸಲಿ 1344. ಆಳಂದದ ಶಾಲೆಯ ನಾಲ್ಕನೇ ಜಮಾತಿನಲ್ಲಿದ್ದೆ. ಶಾಲೆಯವರೇ ನನ್ನನ್ನು ಓಡಿಸಿದರು ಎಂದು ನಮ್ಮ ಓಣಿಯ ಕೆಲವರು ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು. ನಾನೇ ಬಿಟ್ಟೆ. ಒಂದು ದಿನ ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ನಿಂತು ತಲೆ ಎಣಿಸಿ, ಗಂಡು ಇಪ್ಪತ್ತೆರಡು, ಹೆಣ್ಣು ಒಂದು ಎಂದು ಬರೆದುಕೊಂಡರು. ಆ ಒಂದು ನಾನು, ಬೆನ್ನ ಮೇಲೆ ಜಡೆ ಇದ್ದ ಹುಡುಗ. ಹೆಣ್ಣುಮಗು ಒಂದು ಓದುತ್ತಿದೆ ಎಂದರೆ ಶಾಲೆಗೆ ಮರ್ಯಾದೆಯೇ ಎಂದು ಮಾಸ್ತರರು ತಿದ್ದಲು ಹೋಗಲಿಲ್ಲ. ಮರುದಿನದಿಂದ ಹಾಜರಿ ಕೂಗುವಾಗ ಹಿಂದಿನ ಸಾಲಿನವರು ನನ್ನ ಹೆಸರಿನ ಮುಂದೆ ಹೆಂಗಸರಿಗೆ ಹಚ್ಚುವ "ಬಾಯಿ" ಸೇರಿಸತೊಡಗಿದರು. ಮೂರು ದಿನ ತಡೆದೆ. ನಾಲ್ಕನೆಯ ದಿನ ಪಾಟಿ ಬಗಲಲ್ಲಿಟ್ಟುಕೊಂಡು ಎದ್ದು ಬಂದೆ.

ಕೂದಲು ಕತ್ತರಿಸಿಕೊಂಡಿದ್ದರೆ ಮುಗಿಯುತ್ತಿತ್ತಲ್ಲ ಎನ್ನುತ್ತೀರಿ. ಅದೇ ಆಗುವಂತಿರಲಿಲ್ಲ. ನಮ್ಮ ಕಡೆ ಮಗುವಿನ ಹುಟ್ಟುಗೂದಲು ತೆಗೆಯುವುದಕ್ಕೆ ಜವಳ ಎನ್ನುತ್ತಾರೆ. ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ತಾನೇ ಹಾಕಬೇಕು. ಆಮೇಲೆ ಕ್ಷೌರ ಮಾಡುವ ಹಡಪದವನ ಕೆಲಸ. ನಾನು ಮೂರು ವರ್ಷದವನಿದ್ದಾಗ ನನ್ನ ಜವಳಕ್ಕೆ ಎಲ್ಲ ಸಿದ್ಧವಾಗಿತ್ತಂತೆ. ಜೇವರ್ಗಿ ತಾಲೂಕಿನ ನೆಲೋಗಿಯಿಂದ ಮಾವ ಬಂದ. ಪದ್ಧತಿಯಂತೆ ಅವ್ವ ಅವನಿಗೆ ಧೋತರ ಕೊಟ್ಟಳು. ಮಾವ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಅಂಚಿಲ್ಲದ ಧೋತರಾ ಕೊಡ್ತೀ? ನಾ ಏನ್ ನಿನ್ನ ಮನ್ಯಾಗ ಸಂಬಳಕ್ಕ ಇದ್ದೇನೇನ?" ಎಂದವನೇ, ಧೋತರ ಬಗಲಿಗೆ, ಕತ್ತರಿ ಕೈಗೆ ಹಿಡಿದುಕೊಂಡು ಬಂದ ದಾರಿ ಹಿಡಿದ. ಅಣ್ಣ ತಂಗಿಗೆ ಅವತ್ತಿನಿಂದ ಮಾತಿಲ್ಲ. ಅವ್ವ ಬೇರೆಯವರ ಕತ್ತರಿಯನ್ನು ನನ್ನ ತಲೆಯ ಹತ್ತಿರ ಬಿಡಲಿಲ್ಲ. ಕೂದಲಿಗೆ ಈ ಜಗಳ ಗೊತ್ತಿರಲಿಲ್ಲ. ಅದು ಬೆಳೆಯುತ್ತ ಹೋಯಿತು.

ಶಾಲೆ ಬಿಟ್ಟ ಮೇಲೆ ನಾನು ಒಂದು ದಿನವೂ ಖಾಲಿ ಕೂತವನಲ್ಲ. ತೊಗರಿ ಚೀಲ ಹೊತ್ತೆ, ಹತ್ತಿ ತುಳಿದೆ, ಸೊಲ್ಲಾಪುರದಿಂದ ಬಂದ ಮುದುಕ ಡ್ರೈವರೊಬ್ಬನ ಮೋಟಾರು ತೊಳೆಯುತ್ತ ತೊಳೆಯುತ್ತ ಅದನ್ನು ಹೊಡೆಯುವುದನ್ನೂ ಕಲಿತೆ. ಹದಿನೆಂಟಕ್ಕೆ ಆಳಂದದ ಒಬ್ಬ ತೊಗರಿ ಸಾಹುಕಾರರ ಹತ್ತಿರ ಡ್ರೈವರಾದೆ. ಬಟ್ಟೆಯ ಟಾಪಿನ ಹಸಿರು ಮೋಟಾರು. ಊರಲ್ಲಿ ಅಂಥದ್ದು ಎರಡೇ ಇದ್ದವು. ಎರಡರಲ್ಲಿ ಒಂದರ ಸ್ಟಿಯರಿಂಗು ನನ್ನ ಕೈಯಲ್ಲಿ. ಜಮಾತಿನ ಇಪ್ಪತ್ತೆರಡು ಗಂಡುಗಳಲ್ಲಿ ಒಬ್ಬನಿಗೂ ಆ ಯೋಗ ಬರಲಿಲ್ಲ.

ಆದರೆ ಸೊಂಟದ ಕೆಳಗೆ ಇಳಿಯುವ ಕೂದಲು ಹೊತ್ತು ಮೋಟಾರು ಹೊಡೆಯುವುದು ಎಷ್ಟು ಕಷ್ಟ ಎಂದು ಹೊಡೆದವನೇ ಹೇಳಬೇಕು. ಮೊದಮೊದಲು ಕೂದಲನ್ನು ಹಾಗೇ ಸುತ್ತಿ ಮೇಲೆ ರುಮಾಲು ಕಟ್ಟುತ್ತಿದ್ದೆ. ಅಫಜಲಪುರದ ರಸ್ತೆಯಲ್ಲಿ ಒಮ್ಮೆ ಸುಂಟರಗಾಳಿಗೆ ರುಮಾಲು ಬಿಚ್ಚಿ ಗಾಳಿಪಟವಾಯಿತು. ಅದರ ಹಿಂದೆಯೇ ಕೂದಲು ಮುಖಕ್ಕೆ ಬಂದು ಕವಿಯಿತು. ನನಗೆ ರಸ್ತೆ ಕಾಣದು. ಹಿಂದೆ ಕೂತ ಸಾಹುಕಾರರಿಗೆ ನಾನು ಕಾಣೆ. ಮೋಟಾರು ತಾನೇ ದಾರಿ ನೋಡಿಕೊಂಡು ತೊಗರಿ ಹೊಲ ಹೊಕ್ಕಿತು. ತೊಗರಿ ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಬಿಟ್ಟು ನಿಂತರು.

"ಯವ್ವಾ, ನೋಡ್ ಬೇ! ಹೆಣ್ಮಗಳು ಮೋಟಾರ್ ಹೊಡ್ಯಾಕತ್ತಾಳ!"

"ಅದಕ್ಕ ಹೊಲದಾಗ ಬಂದದ, ಬಿಡು" ಎಂದಳು ಮತ್ತೊಬ್ಬಳು.

ಕೂದಲಿಗಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು.

ಆಮೇಲೆ ಹೆಂಗಸರಂತೆ ಹಿಂದೆ ತುರುಬು ಹಾಕಿ ನೋಡಿದೆ. ತುರುಬು ಸರಿಯಾಗಿ ಸೀಟಿನ ಅಂಚಿನ ಮೇಲೆ ಕೂರುತ್ತಿತ್ತು. ಮೋಟಾರು ತಗ್ಗಿಗೆ ಬಿದ್ದಾಗಲೆಲ್ಲ ಹಿಂದಿನಿಂದ ಯಾರೋ ತಲೆಗೆ ಮೊಟಕಿದ ಹಾಗೆ ಮುಂದಕ್ಕೆ ಬಾಗುತ್ತಿದ್ದೆ. ಎದುರು ಬಂದವರು ನಾನು ನಮಸ್ಕಾರ ಮಾಡಿದೆನೆಂದು ತಿಳಿದು ತಾವೂ ಮಾಡುತ್ತಿದ್ದರು. ಒಂದು ವಾರದಲ್ಲಿ ತಾಲೂಕಿನಲ್ಲಿ ನನ್ನಷ್ಟು ವಿನಯದ ಡ್ರೈವರಿಲ್ಲ ಎಂಬ ಹೆಸರು ಬಂತು. ಕತ್ತು ಮಾತ್ರ ಹೋಯಿತು. ಜಡೆ ಹೆಣೆದು ಬೆನ್ನಿಗೆ ಬಿಟ್ಟರೆ ಅದರ ತುದಿ ಬಾಗಿಲಲ್ಲಿ ಸಿಕ್ಕಿಕೊಳ್ಳುವುದು. ಇಳಿಯಲು ಹೋದವನು ಗಪ್ಪನೆ ಹಿಂದಕ್ಕೆ ಕೂರುವುದು. ಒಮ್ಮೆ ಮೋಟಾರಿನ ಮುಂದೆ ಬಗ್ಗಿ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸುವಾಗ ಜಡೆ ಅದಕ್ಕೇ ಸುತ್ತಿಕೊಂಡಿತು. ಎಂಜಿನ್ನು ಆ ದಿನ ಎಂದಿನಂತೆ ಮೊಂಡು ಹಿಡಿದು ಚಾಲೂ ಆಗದಿದ್ದುದರಿಂದ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ.

ನಡುನೆತ್ತಿಯ ಮೇಲೆ ಗಂಟು ಕಟ್ಟಿದ್ದು ಸೊಲ್ಲಾಪುರಕ್ಕೆ ಹೋಗುವಾಗ. ಟಾಪಿನ ಕಬ್ಬಿಣದ ಕಂಬಿಗೆ ಗಂಟು ಬಡಿದು ಬಡಿದು ನಿಜಾಮ ಸೀಮೆಯ ಗಡಿಯ ಸುಂಕದ ನಾಕಾ ಮುಟ್ಟುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂದಿತ್ತು. ನಾಕಾದ ಜವಾನ ನನ್ನ ರುಮಾಲಿನ ಎತ್ತರ ನೋಡಿ ಅನುಮಾನಪಟ್ಟ.

"ಇದರಾಗ ಏನ್ ಇಟ್ಟೀದಿ?"

"ಕೂದಲ್ರಿ ಸಾಬ."

"ಇಷ್ಟ ಎತ್ತರ ಕೂದಲಾ? ಬಂಗಾರ ಅದ ಏನ್ ಬೆಳ್ಳಿ ಅದ? ಖೋಲೋ!"

ಬಿಚ್ಚಿದೆ. ಕೂದಲು ದಬಾದಬಾ ಸೊಂಟದವರೆಗೆ ಬಿತ್ತು. ಜವಾನ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು, "ಜಾವ್ ಮಾಯಿ, ಜಾವ್" ಎಂದು ಅಡ್ಡಗಂಬ ಎತ್ತಿದ. ಸಾಹುಕಾರರು ಸೊಲ್ಲಾಪುರದವರೆಗೆ ನಕ್ಕರು. ನಾನು ನಗಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯವಳು. "ಅರೇ ಬೇಟಾ, ಹೆಂಗಸರಿಗಿ ತಲಿ ಮ್ಯಾಲ ಸೆರಗ ಅದ. ನಿನಗೇನದ? ನಿನಗ ಚೀಲಾ ಬೇಕು" ಎಂದು ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಬಾಯಿಗೆ ಲಾಡಿ ಇರುವ ಒಂದು ಚೀಲ ಹೊಲಿದುಕೊಟ್ಟಳು. ಉದ್ದ ಕೂದಲಿಟ್ಟುಕೊಂಡು ಮೋಟಾರು ಹೊಡೆಯುವವರು ಯಾರಾದರೂ ಇದ್ದರೆ ಕೇಳಿ, ನಾಲ್ಕು ತಿಂಗಳು ಪೆಟ್ಟು ತಿಂದು ಕಲಿತದ್ದು ಇದು. ಜಡೆ ಬಿಗಿಯಾಗಿ ಹೆಣೆಯಬಾರದು, ಬಿಗಿಯಾದರೆ ಮಧ್ಯಾಹ್ನಕ್ಕೆ ಹಣೆ ಸಿಡಿಯುತ್ತದೆ. ಸಡಿಲವಾಗಿ ಹೆಣೆದು, ಮೂರು ಮಡಿಕೆ ಮಾಡಿ, ಚೀಲಕ್ಕೆ ತುಂಬಿ, ಕುತ್ತಿಗೆಗಿಂತ ಮೇಲೆ, ನೆತ್ತಿಗಿಂತ ಕೆಳಗೆ ಕಟ್ಟಬೇಕು. ಸೀಟಿಗೂ ತಾಗದು, ಟಾಪಿಗೂ ತಾಗದು. ರುಮಾಲಿನ ಒಂದು ಸುತ್ತು ಗದ್ದದ ಕೆಳಗೆ ಬರಬೇಕು. ನೋಡಿದವರು ಹಲ್ಲುನೋವೇ ಎಂದು ಕೇಳುತ್ತಾರೆ. ಹೌದು ಎಂದರೆ ಮುಗಿಯಿತು.

ಹೀಗೆ ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಸಾಹುಕಾರರ ಮಗಳನ್ನು ನೋಡಲು ಅಫಜಲಪುರದಿಂದ ಗಂಡಿನ ಕಡೆಯವರು ಬಂದರು. ಆ ದಿನ ಮುಂಜಾನೆ ನಾನು ಸೀಗೆಕಾಯಿ ಹಾಕಿ ತಲೆ ತೊಳೆದಿದ್ದೆ. ಮೋಟಾರು ಹಿತ್ತಲಲ್ಲಿ ನಿಂತಿತ್ತು. ಟಾಪು ಇಳಿಸಿ, ನನ್ನ ಜಾಗದಲ್ಲೇ ಕೂತು, ಕೂದಲನ್ನು ಸೀಟಿನ ಹಿಂದಕ್ಕೆ ಹರಡಿ ಬಿಸಿಲಿಗೆ ಒಣಗಲು ಬಿಟ್ಟಿದ್ದೆ. ಹಿಂದಿನಿಂದ ಯಾರೋ ತಲೆ ಸವರಿದರು. ಗಂಡಿನ ಅಜ್ಜಿ. ಕಣ್ಣು ಮಂಜು.

"ಎಷ್ಟ ಛಂದ ಕೂದಲಾ ಬೇ ನಿನಗ! ನಾಚಿಕೊಂಡು ಇಲ್ಲಿ ಬಂದು ಕುಂತೀ ಏನ?"

ಮಾತಾಡಿದರೆ ಮುದುಕಿ ಹೆದರಿ ಬಿದ್ದಾಳು, ಹೆಣ್ಣು ನೋಡಲು ಬಂದ ದಿನ ಹೆಣ ಬೀಳುವುದು ಬೇಡ ಎಂದು ಸುಮ್ಮನೆ ಕೂತೆ.

"ಬಾಯಿ ಇಲ್ಲದ ಕೂಸು. ಇಂಥಾಕಿನ ಬೇಕು ನಮಗ" ಎಂದು ತನ್ನ ಗಂಟಿನಿಂದ ಒಂದು ಮೊಳ ಮಲ್ಲಿಗೆ ತೆಗೆದು ನನಗೆ ಮುಡಿಸಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಗದ್ದಲ ಕೇಳಿಸಿತು. ಹುಡುಗಿ ಬಂದು ಕೂತಿದ್ದಾಳೆ, ಅಜ್ಜಿ ಅವಳ ಜಡೆ ಹಿಡಿದು ನೋಡಿ, "ಇಕಿ ಅಲ್ಲ. ಮೋಟಾರದಾಗ ಇದ್ದಾಕೀನ ಕರೀರಿ. ನಾ ಆಕಿಗಿ ಹೂವ ಮುಡಿಸೀನಿ" ಎನ್ನುತ್ತಿದ್ದಾಳೆ. ಸಾಹುಕಾರರಿಗೆ ಇನ್ನೊಬ್ಬ ಮಗಳಿದ್ದಾಳೆ, ಬಚ್ಚಿಟ್ಟಿದ್ದಾರೆ ಎಂದು ಗಂಡಿನ ಕಡೆಯವರು ಎದ್ದು ಹಿತ್ತಲಿಗೆ ಬಂದರು. ನಾನು ತಿರುಗಿ ನೋಡಿದೆ. ಆಗ ತಾನೇ ಬಿಟ್ಟ ಮೀಸೆ, ಅದರ ಮೇಲೆ ಮಲ್ಲಿಗೆ. ಗಂಡು ನನ್ನನ್ನು ಒಮ್ಮೆ, ಅಜ್ಜಿಯನ್ನು ಒಮ್ಮೆ ನೋಡಿ, "ಆಯಿ, ನಿನ್ನ ಆಯ್ಕಿ ಭಾಳ ಚಲೋ ಅದ" ಎಂದ.

ಅವನು ನಕ್ಕಿದ್ದರಿಂದ ಸಂಬಂಧ ಮುರಿಯಲಿಲ್ಲ. ಅವರು ಹೋದ ಮೇಲೆ ಸಾಹುಕಾರರು ನನ್ನನ್ನು ಕರೆದರು.

"ಈ ಅಮಾಸಿ ಒಳಗ ಆ ಕೂದಲಾ ಹೋಗಬೇಕು, ಇಲ್ಲಂದ್ರ ನೀ ಹೋಗಬೇಕು. ನನ್ನ ಮಗಳ ಮೆರವಣಿಗಿ ಮೋಟಾರ್ ತುರುಬಿನ ಡ್ರೈವರ್ ಹೊಡಿಯೂದು ಬ್ಯಾಡ."

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಮೋಟಾರು ಹೋದರೆ ನಾನು ಮತ್ತೆ ಚೀಲ ಹೊರುವವನು. ಅವ್ವನಿಗೆ ಹೇಳದೆ ಹಡಪದವನ ಹತ್ತಿರ ಹೋದೆ. ಅವನು ಕತ್ತಿ ಒರೆಸುತ್ತ, "ಮಾವನ ಕತ್ತರಿ ಬೀಳದ ತಲಿಗಿ ನಾ ಕೈ ಹಚ್ಚಂಗಿಲ್ಲಪ್ಪ. ನಿಮ್ಮವ್ವ ನನ್ನ ಅಂಗಡಿ ಮುಂದ ಬಂದು ಕುಂತ್ರ ಯಾರ ಎಬ್ಬಿಸಬೇಕು?" ಎಂದ. ನಾನೇ ಕತ್ತರಿಸಿಕೊಳ್ಳಲೇ ಎಂದು ಮನೆಗೆ ಬಂದು ಕೇಳಿದರೆ, ಹಾಗೆ ಮಾಡಿದರೆ ಉಣ್ಣುವುದನ್ನೇ ಬಿಡುತ್ತೇನೆ ಎಂದಳು ಅವ್ವ. ಅವಳು ಆಡಿದ್ದನ್ನು ಮಾಡುವವಳು. ನಾನು ಅವಳ ಮುಂದೆ ಕೂತು ಅತ್ತೆ ಎಂದು ಬರೆಯಲು ಮನಸ್ಸಿಲ್ಲ, ಆದರೆ ಅವಳು ಮಾವನ ಊರು ನೆಲೋಗಿಗೆ ಬರಲು ಒಪ್ಪಿದಳು. ಒಂದೇ ಷರತ್ತು, ತಾನು ಮೋಟಾರಿನಿಂದ ಇಳಿಯುವುದಿಲ್ಲ.

ಸಾಹುಕಾರರಿಗೆ ಜೇವರ್ಗಿಯಲ್ಲಿ ತೊಗರಿ ವ್ಯವಹಾರವಿತ್ತು. ಬೇಸಿಗೆ, ಭೀಮಾ ನದಿ ಇಳಿದಿತ್ತು. ಎತ್ತು ಕಟ್ಟಿ ಉಸುಕಿನಲ್ಲಿ ಮೋಟಾರು ಎಳೆಸಿ ದಾಟಿದೆವು. ಅವರನ್ನು ಜೇವರ್ಗಿಯಲ್ಲಿ ಇಳಿಸುವಾಗ, "ಸಂಜಿ ಐದಕ್ಕ ಮೋಟಾರ್ ಇಲ್ಲಿರಬೇಕು, ತಲಿ ಬೋಳ ಇರಬೇಕು" ಎಂದರು.

ನೆಲೋಗಿಯಲ್ಲಿ ಮಾವ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಜೋಳದ ದಂಟಿನಂಥ ಮನುಷ್ಯ. ಮೋಟಾರು ಕಟ್ಟೆಯ ಮುಂದೆಯೇ ನಿಲ್ಲಿಸಿದೆ. ಅವ್ವ ಇಳಿಯಲಿಲ್ಲ, ಅವನು ಏಳಲಿಲ್ಲ. ಇಬ್ಬರ ನಡುವೆ ನಾಲ್ಕು ಮಾರು. ಮಾತೆಲ್ಲ ನನ್ನ ಮೇಲಿಂದ.

"ಜವಳಾ ಮಾಡ್ತಾನೇನು ಕೇಳು ಅವಗ."

"ಅಂಚಿಲ್ಲದ ಧೋತರಾ ಕೊಟ್ಟಾಕಿಗಿ ಹೇಳು, ನಾ ಮರತಿಲ್ಲ."

"ಅಂಚು ಇತ್ತಂತ ಹೇಳು!"

"ಇತ್ತಾ? ಹದಿನೈದು ವರ್ಷಾ ಆತು, ಹಂಗ ಇಟ್ಟೇನಿ. ಮಡಿಕಿ ಸೈತ ಬಿಚ್ಚಿಲ್ಲ. ತೋರಸ್ತೇನಿ ತಡಿ" ಎಂದು ಮಾವ ಒಳಗೆ ಹೋಗಿ ಪೆಟ್ಟಿಗೆಯಿಂದ ಧೋತರ ತಂದು ಎತ್ತಿ ಹಿಡಿದ. ನಿಜವಾಗಿಯೂ ಅಂಚು ಕಾಣಲಿಲ್ಲ.

"ಮಡಿಕಿ ಬಿಚ್ಚಿಲ್ಲಾ?" ಎಂದು ಅವ್ವ ಷರತ್ತು ಮರೆತು ಮೋಟಾರಿನಿಂದ ಧುಮುಕಿದಳು. ಅವನ ಕೈಯಿಂದ ಧೋತರ ಕಸಿದು ಒಂದು ಮಡಿಕೆ ಬಿಚ್ಚಿದಳು, ಎರಡು ಬಿಚ್ಚಿದಳು. ಮೂರನೆಯದರ ಒಳಗೆ, ಅಂಗಡಿಯವನು ಹೊಲಸಾಗಬಾರದೆಂದು ಒಳಮುಖವಾಗಿ ಮಡಿಸಿದ್ದ ಕೆಂಪು ಅಂಚು, ಎರಡು ಬೆರಳಗಲ, ನಡುವೆ ಜರಿ ಎಳೆ, ಹೊಚ್ಚ ಹೊಸದಾಗಿ ಮಲಗಿತ್ತು.

ಮಾವ ಅಂಚಿನ ಅಗಲಕ್ಕೆ ಎರಡು ಬೆರಳಿಟ್ಟು ಅಳೆದ. ಕೆಮ್ಮಿದ.

"ಅದ. ಆದ್ರ ಸಣ್ಣದ ಅದ."

"ನಿನ್ನ ಬುದ್ಧಿಗಿ ಅದ ಹೆಚ್ಚಾತು, ಅಣ್ಣಾ" ಎಂದಳು ಅವ್ವ. ಅಣ್ಣಾ ಎಂದದ್ದು ಇಬ್ಬರಿಗೂ ಕೇಳಿಸಿತು. ಮಾವ ಅದೇ ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ.

ಇನ್ನು ತೊಡೆಯ ಪ್ರಶ್ನೆ. ತೊಡೆಯ ಮೇಲೆ ಕೂರಿಸಿಕೊಳ್ಳದೆ ಕತ್ತರಿ ಹಿಡಿಯುವುದಿಲ್ಲ ಎಂದ ಮಾವ. ಚೀಲ ಹೊತ್ತು ಬೆಳೆದ ಮೈ ನನ್ನದು. ಕಟ್ಟೆಯ ಮೇಲೆ ಒಮ್ಮೆ ಕೂತು ನೋಡಿದೆ. "ಸತ್ತೇನಲೇ! ಏಳೋ!" ಎಂದು ಕೂಗಿದ. ಕೆಳಗೆ ಕಲ್ಲು, ಮೇಲೆ ನಾನು. ಮೆತ್ತನೆಯ ಜಾಗ ಬೇಕು ಎಂದು ಸುತ್ತ ನೋಡಿದವನ ಕಣ್ಣು ಮೋಟಾರಿನ ಸೀಟಿನ ಮೇಲೆ ನಿಂತಿತು. ಹಿಂದೆ ಕೂರು ಎಂದರೆ ಒಲ್ಲೆ, ಸ್ಟಿಯರಿಂಗಿನ ಮುಂದೆಯೇ ಬೇಕು ಎಂದ. ಅವನು ಕೂತ, ಅವನ ತೊಡೆಯ ಮೇಲೆ ನಾನು ಕೂತೆ. ಸ್ಟಿಯರಿಂಗಿಗೂ ಮಾವನಿಗೂ ನಡುವೆ ಉಸಿರಾಡಲೂ ಜಾಗವಿರಲಿಲ್ಲ. ಅವನು ಕತ್ತರಿ ಹಾಕಲು ನನ್ನ ತಲೆ ಬಗ್ಗಿಸಿದೊಡನೆ ಎದೆ ಹಾರನ್ನಿಗೆ ಒತ್ತಿತು. ಮೋಟಾರು ಒದರಿತು. ಓಣಿಯ ಎಮ್ಮೆಗಳು ಹಗ್ಗ ಹರಿದವು. ಊರು ಓಡಿ ಬಂತು. ಪದ್ಧತಿಗೆ ಐದು ಎಳೆ ಸಾಕು. ಮಾವ ಹನ್ನೊಂದು ಎಳೆಯಾದರೂ ಕತ್ತರಿ ಇಳಿಸಲಿಲ್ಲ. ಅವನಿಗೆ ಕೂದಲಿಗಿಂತ ಹಾರನ್ನು ರುಚಿಸಿತ್ತು. ಕೊನೆಗೆ ಆ ಊರಿನ ಹಡಪದವನು ಅವನ ಕೈ ಹಿಡಿದು ಬಿಡಿಸಿ ನನ್ನ ತಲೆ ಬೋಳಿಸಿದ.

ಅವ್ವ ಕೂದಲನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡಳು. ಜೇವರ್ಗಿಯವರೆಗೆ ನನ್ನ ತಲೆ ಮೊದಲ ಬಾರಿ ಗಾಳಿ ಕಂಡಿತು. ತಲೆಗೆ ಇಷ್ಟು ಥಂಡಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಐದಕ್ಕೆ ಹತ್ತು ನಿಮಿಷ ಮೊದಲೇ ಮುಟ್ಟಿದೆ. ಸಾಹುಕಾರರು ನನ್ನನ್ನು ನೋಡಿ, "ಯಾರಲೇ ನೀ? ನನ್ನ ಡ್ರೈವರ್ ಎಲ್ಲಿ?" ಎಂದು ಬೆತ್ತ ಎತ್ತಿದರು. ಹಿಂದೆ ಅವ್ವನನ್ನು ಕಂಡ ಮೇಲೆ ಬೆತ್ತ ಇಳಿಸಿ, ಸುಮ್ಮನೆ ಹತ್ತಿ ಕೂತು, "ನಡಿ, ಮದುವಿ ಕೆಲಸ ಭಾಳ ಅವ" ಎಂದರು.

ಮೆರವಣಿಗೆಯ ಮೋಟಾರು ನಾನೇ ಹೊಡೆದೆ. ಅವರ ಹತ್ತಿರ ಮುಂದೆ ಏಳು ವರ್ಷ ಹೊಡೆದೆ. ಬಿಟ್ಟದ್ದು ನಾನೇ, ಸ್ವಂತ ಲಾರಿ ತೆಗೆದುಕೊಂಡ ದಿನ. ಈಗ ನನ್ನ ಹತ್ತಿರ ಇರುವುದು: ಲಾರಿ ಎರಡು, ಆಳಂದದಲ್ಲಿ ಮನೆ ಒಂದು, ಹೊಲ ಆರು ಎಕರೆ, ಹೆಂಡತಿ ಒಬ್ಬಳು, ಗಂಡುಮಕ್ಕಳು ಮೂವರು, ಹೆಣ್ಣುಮಕ್ಕಳು ಇಬ್ಬರು, ಹಲ್ಲು ಹದಿನೇಳು.