ಗಾಜಿನ ಪೆಟ್ಟಿಗೆಯೊಳಗಿನ ಅಂಗೈ

ಆ ಗಾಜಿನ ಪೆಟ್ಟಿಗೆ ಮೊದಲು ನನ್ನದು. ಕಾಲುವೆ ಕ್ಯಾಂಪಿನ ಎದುರು ನಾನು ಮಿರ್ಚಿ ಭಜಿ ಕರಿದು ಅದರೊಳಗೆ ಇಟ್ಟು ಮಾರುತ್ತಿದ್ದೆ. ಗುರುಲಿಂಗಮ್ಮನ ಭಜಿ ಅಂದರೆ ಶಹಾಪುರದಿಂದ ಸುರಪುರಕ್ಕೆ ಹೋಗುವ ಲಾರಿಗಳು ತಾವಾಗಿಯೇ ನಿಲ್ಲುತ್ತಿದ್ದವು. ಪೆಟ್ಟಿಗೆಯ ಒಂದು ಮಗ್ಗುಲು ಸೀಳಿತು, ಹೊಸದು ತರಿಸಿದೆ. ಹಳೆಯದನ್ನು ತಿಪ್ಪೆಗೆ ಒಗೆಯಬೇಕು ಅನ್ನುವಷ್ಟರಲ್ಲಿ ಖಂಡಪ್ಪನ ಮಗಳು ಬಂದು ಸೆರಗು ಹಿಡಿದಳು.

"ದೊಡ್ಡವ್ವ, ಅದು ನನಗ ಕೊಡು. ನನ್ನ ಕಪ್ಪಿಗಿ ಮನಿ ಇಲ್ಲ."

"ನನಗೇ ಪತ್ರಾಸ ತಗಡಿನ ಮನಿ ಅದ, ನಿನ್ನ ಕಪ್ಪಿಗಿ ಗಾಜಿನ ಬಂಗಲೆ ಬೇಕೇನ?" ಅಂದೆ. ಅಂದರೂ ಕೊಟ್ಟೆ. ಆ ಹುಡುಗಿಗೆ ಇಲ್ಲ ಅನ್ನುವವರು ಕ್ಯಾಂಪಿನಲ್ಲಿ ಯಾರಿದ್ದರು?

ಖಂಡಪ್ಪ ತಿಂಥಣಿ ಕಡೆಯವನು. ಅವನಪ್ಪ ಕೃಷ್ಣೆಯಲ್ಲಿ ಮೀನು ಹಿಡಿಯುತ್ತಿದ್ದ. ಕಾಲುವೆ ಬಂದಾಗ ಇವನಿಗೆ ಗೇಟು ಕಾಯುವ ಕೆಲಸ ಸಿಕ್ಕಿತು, ಹೆಂಡತಿ ಸುಂದ್ರಮ್ಮನನ್ನು ಕರೆದುಕೊಂಡು ನಮ್ಮ ಮಗ್ಗುಲ ಮನೆಗೆ ಬಂದ. ಒಳ್ಳೆಯ ಮನುಷ್ಯ, ಆದರೆ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಎದುರಿನವರು ಹತ್ತು ಮಾತು ಆಡಬೇಕು. ಬಹಳ ವರ್ಷ ಮಕ್ಕಳಿರಲಿಲ್ಲ. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು ಅಂತ ಮಗಳಿಗೆ ಮೌನಮ್ಮ ಎಂದು ಹೆಸರಿಟ್ಟರು. ಅಪ್ಪ ಆಡದೆ ಉಳಿಸಿದ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು.

ನೀರು ಬರುವ ಮೊದಲು ನಮ್ಮ ಕಡೆ ಕಪ್ಪೆ ಕಾಣಬೇಕಾದರೆ ಮಳೆಗಾಲ ಬರಬೇಕಿತ್ತು. ಕಾಲುವೆ ಹರಿದ ಮೇಲೆ ಬಚ್ಚಲ ಗೋಡೆಗೆ ಕಪ್ಪೆ, ಕೊಡದ ಹಿಂದೆ ಕಪ್ಪೆ, ಚಪ್ಪಲಿಯೊಳಗೂ ಕಪ್ಪೆ. ಕಪ್ಪೆಯ ಜೊತೆಗೆ ಸೊಳ್ಳೆಯೂ ಬಂತು. ಮೌನಮ್ಮ ಸಾಕಿದ್ದು ಬಚ್ಚಲ ಗೋಡೆಗೆ ಅಂಟಿ ಕೂರುವ ಜಾತಿಯದು, ಕಂದು ಬಣ್ಣದ್ದು, ನಿಂಬೆಕಾಯಿಯಷ್ಟು ಗಾತ್ರ. ನನ್ನ ಪೆಟ್ಟಿಗೆಯ ತಳಕ್ಕೆ ಅವಳು ಕಾಲುವೆಯ ಹೂಳು ಹಾಸಿದಳು, ಬೇವಿನ ಎಲೆ ಉದುರಿಸಿದಳು. ಕಪ್ಪೆಗೆ ನೀರಿನ ಹೊಂಡ ಬೇಕಲ್ಲ ಅಂತ ಹಸಿ ಮಣ್ಣಿನ ಮೇಲೆ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿದಳು. ಕೈ ಎತ್ತಿದಾಗ ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಅದರಲ್ಲಿ ನೀರು ಸುರಿದಳು. ಕಪ್ಪೆ ಬಂದು ಅವಳ ಅಂಗೈಯ ನಟ್ಟನಡುವೆ ಕೂತಿತು. ನಾನು ಕಣ್ಣಾರೆ ಕಂಡಿದ್ದೇನೆ.

ಮಬ್ಬುಗತ್ತಲಾಗುವಾಗ ಪೆಟ್ಟಿಗೆಗೆ ನೀರು ಚಿಮುಕಿಸಿದರೆ ಸಾಕು, ಕಪ್ಪೆ ಒದರಲು ಶುರು ಮಾಡುತ್ತಿತ್ತು. ಅದು ಒದರಿದ ಕೂಡಲೇ ಮೌನಮ್ಮ "ಅವ್ವಾ, ಹಸಿವಿ" ಅನ್ನುತ್ತಿದ್ದಳು. ಸುಂದ್ರಮ್ಮ ಒಳಗಿನಿಂದ "ಬಂದೆ ತಡಿಯವ್ವ, ರೊಟ್ಟಿ ಬಡಿಯಾಕತ್ತೇನಿ" ಅನ್ನುತ್ತಿದ್ದಳು. ಈ ಮೂರು ದನಿ ಕೇಳಿದ ಮೇಲೆಯೇ ನಾನು ಒಲೆ ಆರಿಸುತ್ತಿದ್ದದ್ದು.

ಮರುವರ್ಷ ಮೌನಮ್ಮನಿಗೆ ಚಳಿಜ್ವರ ಬಂತು. ಶಹಾಪುರಕ್ಕೆ ಒಯ್ದರು. ಜ್ವರ ತಲೆಗೇರಿತ್ತು, ಇಳಿಯಲಿಲ್ಲ. ಇದಕ್ಕಿಂತ ಹೆಚ್ಚು ನನ್ನಿಂದ ಹೇಳಿಸಬೇಡಿ.

ಮಣ್ಣು ಮಾಡಿ ಬಂದ ಸಂಜೆ ನಾವೆಲ್ಲ ಅವರ ಅಂಗಳದಲ್ಲಿ ಕೂತಿದ್ದೆವು. ಪೆಟ್ಟಿಗೆಯ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಕಪ್ಪೆ ಒದರಿತು. ಒಳಗೆ ಗೋಡೆಗೆ ಒರಗಿದ್ದ ಸುಂದ್ರಮ್ಮ, ದಿನಾ ಹೇಳುವ ದನಿಯಲ್ಲೇ "ಬಂದೆ ತಡಿಯವ್ವ, ರೊಟ್ಟಿ ಬಡಿಯಾಕತ್ತೇನಿ" ಅಂದಳು. ಖಂಡಪ್ಪ ಎದ್ದು ಹೋಗಿ ಅವಳ ಮುಂದೆ ಕೂತ.

"ಸುಂದ್ರೀ, ಅದು ಕಪ್ಪಿ ಅದ. ಅಕಿ ಅಲ್ಲ."

ಅವಳು ಎದ್ದು ಒಲೆ ಹಚ್ಚಿದಳು. ಅವತ್ತಿನಿಂದ ಅದೇ ನಡೆಯಿತು. ಹಗಲೆಲ್ಲ ಅವಳಿಗೆ ಮಾತಿಲ್ಲ, ಕತೆಯಿಲ್ಲ, ಬಾಯಿಗೆ ಹನಿ ನೀರಿಲ್ಲ. ಸಂಜೆ ಕಪ್ಪೆ ಕರೆದರೆ ಓಗೊಟ್ಟು ರೊಟ್ಟಿ ಮಾಡುತ್ತಿದ್ದಳು, ಒಂದು ತಟ್ಟೆ ಹೊಸ್ತಿಲ ಹತ್ತಿರ ಇಟ್ಟು ತಾನೂ ಒಂದು ರೊಟ್ಟಿ ತಿನ್ನುತ್ತಿದ್ದಳು. ಪೆಟ್ಟಿಗೆಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಖಂಡಪ್ಪ ದಿನಾ ಅದೇ ಮಾತು ಹೇಳುತ್ತಿದ್ದ, ಕಪ್ಪಿ ಅದ, ಅಕಿ ಅಲ್ಲ. ಗೇಟಿನ ದೀಪದ ಕೆಳಗೆ ಹುಳ ಹಿಡಿದು ತಂದು ಕಪ್ಪೆಗೆ ಹಾಕುವವನೂ ಅವನೇ.

ಆದರೆ ಪೆಟ್ಟಿಗೆ ತೊಳೆಯುತ್ತಿರಲಿಲ್ಲ. ಕಪ್ಪೆಯ ಹೇಲು, ಕೊಳೆತ ಎಲೆ, ಸತ್ತ ಹುಳ ಎಲ್ಲ ಅಲ್ಲೇ. ನನ್ನ ಅಂಗಡಿಯತನಕ ನಾತ ಬರತೊಡಗಿತು. "ಖಂಡಪ್ಪ, ಮಂದಿ ನನ್ನ ಎಣ್ಣಿ ಹಳಸ್ಯಾದ ಅಂತ ತಿಳಕೊಂಡಾರ. ಆ ಮಣ್ಣು ಚೆಲ್ಲಿ ಬ್ಯಾರೆ ಹಾಕಬಾರದಾ?" ಎಂದು ರೇಗಿದೆ. ಅವನು ನನ್ನನ್ನು ಕರೆದುಕೊಂಡು ಹೋಗಿ ಪೆಟ್ಟಿಗೆ ತೋರಿಸಿದ. ಒಳಗೆ ಅಂಗೈ ಹಾಗೇ ಇತ್ತು. ಬೂಷ್ಟು ಹಿಡಿದಿತ್ತು, ಆ ಬೂಷ್ಟೂ ನೀರು ನಿಲ್ಲುವ ಗುರುತಿನೊಳಗೇ ಬೆಳೆದಿತ್ತು. ಕರಿಮಣ್ಣಿನ ಮೇಲೆ ಬೆಳ್ಳಗೆ ಒಂದು ಮಗುವಿನ ಕೈ. ಅದರಲ್ಲಿ ಕಪ್ಪೆ.

"ಹ್ಯಾಂಗ ಚೆಲ್ಲಲಿ ಅಕ್ಕ?" ಅಂದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ. ಮತ್ತೆ ನಾತದ ಮಾತು ತೆಗೆಯಲಿಲ್ಲ.

ಒಂದು ಸಂಜೆ ಕಪ್ಪೆ ಒದರಲಿಲ್ಲ. ಮರುದಿನವೂ ಇಲ್ಲ. ಹೊಲಸಿನಲ್ಲಿ ಕೂತು ಕೂತು ಅದರ ಹೊಟ್ಟೆ ಕೆಂಪಾಗಿತ್ತು, ಹಾಕಿದ ಹುಳ ಮುಟ್ಟುತ್ತಿರಲಿಲ್ಲ. ಸುಂದ್ರಮ್ಮ ಒಲೆ ಹಚ್ಚದೆ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟಳು, ನಿಂತೇ ಇದ್ದಳು. ರೊಟ್ಟಿ ನಿಂತಿತು. ನಾನು ಅನ್ನ ಕಲಸಿ ಒಯ್ದೆ, ಬಾಯಿ ತೆರೆಯಲಿಲ್ಲ. ಈಕೆಯೂ ಮಗಳ ಹಿಂದೆ ಹೊರಟಳು ಅಂತ ನನಗೆ ಖಾತ್ರಿಯಾಯಿತು.

ಸುರಪುರದಿಂದ ಶರೀಫಸಾಬ ಅನ್ನುವ ಮುದುಕ ಹೂವಿನ ಸಸಿ ಮಾರಲು ಬರುತ್ತಿದ್ದ. ಖಂಡಪ್ಪನನ್ನು ಎಳೆದು ತಂದು ಅವನ ಮುಂದೆ ಕೂರಿಸಿದೆ. ಮಣ್ಣು ಚೆಲ್ಲದೆ ಪೆಟ್ಟಿಗೆ ಸಾಫ್ ಮಾಡುವ ದಾರಿ ಇದೆಯೇ ಎಂದು ಕೇಳಿದೆ. ಅವನು ಒಂದು ಕುಂಡದ ಮಣ್ಣು ಕೆದರಿ ತೋರಿಸಿದ. ಎಳ್ಳಿಗಿಂತ ಸಣ್ಣ ಬಿಳಿ ಹುಳಗಳು ಪುಟುಪುಟು ಜಿಗಿದವು.

"ಇವು ಬೂಷ್ಟ ತಿಂದು ಬದುಕ್ತಾವ. ಕಪ್ಪಿ ಇವನ್ನ ತಿಂದ್ರೂ ಅದಕ್ಕೇನೂ ಆಗಂಗಿಲ್ಲ. ಆದ್ರ ಕೇಳು, ಸೀದಾ ಒಯ್ದು ಸುರೀಬ್ಯಾಡ. ಮೊದಲು ಒಂದು ಗಡಿಗ್ಯಾಗ ಹಸಿ ಇದ್ದಲಿ ಹಾಕಿ ಇವನ್ನ ಬಿಡು, ತಿನ್ನಾಕ ನಾಕು ಅಕ್ಕಿಕಾಳು ಹಾಕು. ಇರವಿ, ಜರಿ, ಕೆಂಪು ನುಸಿ ಏನರ ಹೊಂಟಾವೇನು ನೋಡು. ಇರವಿ ಹೊಕ್ರ ಕಪ್ಪೀನ ಹರಕೊಂಡು ತಿಂತಾವ. ಮತ್ತ ಔಷಧ ಹೊಡದ ಹೊಲದ ಮಣ್ಣು ಹತ್ರಾನೂ ತರಬ್ಯಾಡ."

ಹೊಲದ ಮಣ್ಣನ್ನು ಖಂಡಪ್ಪ ತರಲಿಲ್ಲ. ಆದರೆ ಗಡಿಗೆಯನ್ನು ಮನೆಯ ಗೋಡೆಯ ಬುಡದಲ್ಲಿ ಇಟ್ಟ. ಸೊಳ್ಳೆಗೆಂದು ಕ್ಯಾಂಪಿನ ಗೋಡೆಗಳಿಗೆಲ್ಲ ಔಷಧ ಹೊಡೆಯುವವರು ಬಂದರು. ಖಂಡಪ್ಪ ಗಾಜಿನ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿ ಗೇಟಿನ ಕಡೆ ಓಡಿದ. ಗಡಿಗೆ ಮರೆತ. ಸಂಜೆ ನೋಡಿದರೆ ಅದರಲ್ಲಿ ಒಂದು ಹುಳವೂ ಜಿಗಿಯಲಿಲ್ಲ. ಶರೀಫಸಾಬ ತಲೆ ಚಚ್ಚಿಕೊಂಡು ಮತ್ತೊಂದು ಗಡಿಗೆ ಕೊಟ್ಟ. ಅದನ್ನೂ ಪೆಟ್ಟಿಗೆಯನ್ನೂ ಖಂಡಪ್ಪ ಗೇಟಿನ ಖೋಲಿಯಲ್ಲೇ ಇಟ್ಟುಕೊಂಡ. ಔಷಧದ ವಾಸನೆ ಹೋದ ಮೇಲೆ ಎರಡನ್ನೂ ಮನೆಗೆ ತಂದ.

ಹುಳ ಬಿಟ್ಟ ಮೇಲೆ ಬಿಳಿ ಕೈ ಬೆರಳು ಬೆರಳಾಗಿ ಕರಗಿ, ಕೆಳಗಿನ ಮಣ್ಣಿನ ಕೈ ಮತ್ತೆ ಕಂಡಿತು. ಖಂಡಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂತು. ಆದರೆ ಕಪ್ಪೆ ಏಳಲಿಲ್ಲ. ಹೇಲು, ಕೊಳೆತ ಎಲೆ ಹಾಗೇ ಇದ್ದವು, ಅವನ್ನು ತಿನ್ನುವುದು ಆ ಸಣ್ಣ ಹುಳಗಳ ಕೈಲಿ ಆಗಲಿಲ್ಲ. ಶರೀಫಸಾಬ ಮನೆಗೇ ಬಂದು ನೋಡಿದ. ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದಿ ಬಣ್ಣದ ಹುಳಗಳನ್ನು ಇನ್ನೊಂದು ಗಡಿಗೆಯಲ್ಲಿ ತಂದಿದ್ದ. ಕೊಡುವ ಮೊದಲು ಆ ಅಂಗೈ ಅವನ ಕಣ್ಣಿಗೆ ಬಿತ್ತು. ಯಾರದು ಅಂತ ಕೇಳಲಿಲ್ಲ, ಅವನಿಗೂ ತಿಳಿಯಿತು.

"ಖಂಡಪ್ಪ, ಸುಳ್ಳು ಹೇಳಂಗಿಲ್ಲ. ಇವು ಹೊಲಸೆಲ್ಲಾ ತಿಂತಾವ, ಖರೆ. ಆದ್ರ ಮಣ್ಣಾಗ ಹೊಕ್ಕು ಅಡಿಮ್ಯಾಲ ಮಾಡ್ತಾವ. ಈ ಗುರ್ತು ಉಳಿಯಂಗಿಲ್ಲ."

"ಇಲ್ಲಾಂದ್ರ?"

"ಇಲ್ಲಾಂದ್ರ ಕಪ್ಪಿ ಉಳಿಯಂಗಿಲ್ಲ."

ಖಂಡಪ್ಪ ಗಡಿಗೆಯನ್ನು ಗೋಡೆಯ ಮಾಡದಲ್ಲಿ ಇಟ್ಟ. ಮುಚ್ಚಳ ತೆಗೆಯಲಿಲ್ಲ. ನಾನು ಜಗಳಕ್ಕೇ ಹೋದೆ. "ಮಣ್ಣಿನ ಕೈ ನೋಡಕೋತ ಕೂಡು. ಅತ್ತ ಜೀವಂತ ಹೆಂಡತಿ ಉಪಾಸ ಸಾಯ್ಲಿ" ಎಂದು ಬಾಯಿಗೆ ಬಂದದ್ದು ಅಂದೆ. ಆ ಮನುಷ್ಯ ತಲೆ ಎತ್ತಲಿಲ್ಲ. "ಸುಂದ್ರೀಗಿ ಅಕಿ ದನಿ ಉಳದದ. ನನಗ ಇದೊಂದ ಉಳದದ ಅಕ್ಕ" ಅಂದ.

ಅದರ ಮರುಸಂಜೆ ಸುಂದ್ರಮ್ಮ ಹೊಸ್ತಿಲ ಗೋಡೆ ಹಿಡಿದುಕೊಂಡು, ನಿಲ್ಲಲಾಗದೆ ಕೂತಳು. ಬಹಳ ದಿನದ ಮೇಲೆ ಗಂಡನ ಜೊತೆ ಮಾತಾಡಿದಳು.

"ಏನ್ರಿ, ಅಕಿ ಯಾಕ ಕರೀವಲ್ಲಳು? ನನ್ನ ಮ್ಯಾಲ ಸಿಟ್ಟಾಗ್ಯಾಳೇನ?"

ಖಂಡಪ್ಪ ಒಳಗೆ ಹೋಗಿ ಗಡಿಗೆ ಇಳಿಸಿದ. ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತು, ತನ್ನ ದಪ್ಪ ಬೆರಳಿನ ತುದಿಯನ್ನು ಆ ಬೆರಳುಗಳ ಗುರುತಿನಲ್ಲಿ ಒಂದೊಂದಾಗಿ ಇಟ್ಟು ತೆಗೆದ. ಕಿರುಬೆರಳಿನಲ್ಲಿ ಅವನ ಬೆರಳು ಹಿಡಿಯಲೇ ಇಲ್ಲ. ಮುಚ್ಚಳ ತೆಗೆದು ಹುಳಗಳನ್ನು ಎಲೆಯ ಮೇಲೆ ಬಿಟ್ಟ. ಎದ್ದು ಹೋಗಿ ಕೈ ತೊಳೆದುಕೊಂಡ.

ಕಿರುಬೆರಳು ಮೊದಲು ಹೋಯಿತು. ಅಂಚು ಕುಸಿದು ಮಣ್ಣು ಮಣ್ಣಿಗೆ ಸೇರಿತು. ಆಮೇಲೆ ಉಳಿದ ಬೆರಳು, ಕೊನೆಗೆ ಹೆಬ್ಬೆರಳು. ಖಂಡಪ್ಪ ಪ್ರತಿದಿನ ಗೇಟಿನಿಂದ ಬಂದು ನೋಡುತ್ತಿದ್ದ, ಒಂದು ಹುಳವನ್ನೂ ತೆಗೆಯಲಿಲ್ಲ. ನಾತ ಹೋಯಿತು. ಎಲೆಗಳು ಜರಡಿಯಾದವು. ಕಪ್ಪೆಯ ಹೊಟ್ಟೆಯ ಕೆಂಪು ಇಳಿಯಿತು, ಒಂದು ದಿನ ಗಾಜಿಗೆ ಅಂಟಿ ಕೂತದ್ದು ಕಂಡಿತು. ಕೆಳಗೆ ಮಣ್ಣು ಎಲ್ಲೆಡೆ ಒಂದೇ ಸಮವಾಗಿತ್ತು. ಅಂಗೈ ಇದ್ದ ಜಾಗ ಯಾವುದೆಂದು ನನಗೂ ಹೇಳಲಾಗಲಿಲ್ಲ.

ಅವತ್ತು ಮಬ್ಬಿನಲ್ಲಿ ನಾನು ಅವರ ಅಂಗಳದಲ್ಲೇ ಇದ್ದೆ. ಖಂಡಪ್ಪ ಪೆಟ್ಟಿಗೆಗೆ ನೀರು ಚಿಮುಕಿಸಿ ಪಕ್ಕದಲ್ಲಿ ಕೂತಿದ್ದ. ಕಪ್ಪೆ ಗಂಟಲುಬ್ಬಿಸಿತು. ಒಮ್ಮೆ ಒದರಿ ನಿಲ್ಲಿಸಿತು. ಮತ್ತೆ ಒದರಿತು.

ಒಳಗೆ ಏನೋ ಸರಿದಾಡಿದ ಸದ್ದಾಯಿತು. ರೊಟ್ಟಿಗೆ ನಾದುವ ಕೊಣಮಿಗೆಯಲ್ಲಿ ಹಿಟ್ಟು ಸುರಿದದ್ದು ಕೇಳಿಸಿತು. ಆಮೇಲೆ ಸುಂದ್ರಮ್ಮನ ದನಿ, ಸಣ್ಣಗೆ, ಒಣಗಿದ ಗಂಟಲಿನಿಂದ. "ಬಂದೆ ತಡಿಯವ್ವ. ರೊಟ್ಟಿ ಬಡಿಯಾಕತ್ತೇನಿ."

ನಾನು ಖಂಡಪ್ಪನ ಕಡೆ ನೋಡಿದೆ. ಇನ್ನೇನು ಅವನು ಎಂದಿನ ಮಾತು ಹೇಳುತ್ತಾನೆ ಅಂತ ಕಾದೆ. ಅವನು ಸಮವಾದ ಆ ಮಣ್ಣನ್ನು ನೋಡುತ್ತಿದ್ದ. ಬಾಗಿಲ ಕಡೆ ಮುಖ ತಿರುಗಿಸಿ ಒಳಗೆ ಕೇಳುವ ಹಾಗೆ ಹೇಳಿದ.

"ಲಗೂನ ಮಾಡು ಸುಂದ್ರೀ. ಭಾಳ ಹಸದಾಳ."